ಅಡ್ಜಸ್ಟ್‌ಮೆಂಟ್ ಇಲ್ಲದ ಗಾಲಿಗೆ ಒಂದು ಬೆಣೆ

ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ, ಜುಲೈ ತಿಂಗಳ ಜಡಿಮಳೆಯಲ್ಲಿ, ರಸ್ತೆ ತುಂಬ ಕೆಂಪು ನೀರು ನಿಂತ ಒಂದು ತಿರುವು. ಗುಂಡಿ ಇದೆ ಅಂತ ಮುಂದಿನ ಲಾರಿ ಕುಲುಕಿದ್ದು ನೋಡಿ ಗೊತ್ತಾಯಿತು. ಸ್ಟೇರಿಂಗ್ ಬಲಕ್ಕೆ ಎಳೆದು ಮುಂದಿನ ಗಾಲಿ ದಾಟಿಸಿದೆ. ಮತ್ತೆ ಎಡಕ್ಕೆ ತರುವಷ್ಟರಲ್ಲಿ ಹಿಂದಿನ ಎಡ ಗಾಲಿ ಒಳಗಿಂದ ಕತ್ತರಿಸಿಕೊಂಡು ಬಂದು ಧಡ್ ಅಂತ ಗುಂಡಿಗೇ ಬಿತ್ತು. ಹಿಂದೆ ಕೂತಿದ್ದ ಅವ್ವನ ಕೈಯಲ್ಲಿದ್ದ ಚಹಾದ ಫ್ಲಾಸ್ಕ್ ಹಾರಿ ಕಾಲ ಬುಡಕ್ಕೆ ಬಂತು.

ಇಳಿದು ನೋಡಿದೆ. ರಿಮ್ಮಿನ ಅಂಚು ಬೆರಳಗಲ ಮಡಚಿತ್ತು. ಟೈರು ಉಬ್ಬಿರಲಿಲ್ಲ. ಸ್ಟೆಪ್ನಿ ಹಾಕಿ ಅಂಕೋಲೆಗೆ ಹೋದೆವು, ಕೆಲಸ ಮುಗಿಸಿ ಹುಬ್ಬಳ್ಳಿಗೆ ಬಂದೆವು, ರಿಮ್ ಬದಲಾಯಿಸಿದ್ದೂ ಆಯಿತು. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದೆ.

ದೀಪಾವಳಿಗೆ ಕಾರು ತೊಳೆಯುವಾಗ ಕೈಗೆ ಸಿಕ್ಕಿತು. ಹಿಂದಿನ ಎಡ ಟೈರಿನ ಒಳ ಅಂಚಿನ ಮೇಲೆ ಅಂಗೈ ಆಡಿಸಿದರೆ ಬೋಳು. ಹೊರಗಿನಿಂದ ನೋಡಿದರೆ ಟೈರು ಹೊಸತರ ಹಾಗೆ. ಒಳಗಡೆ ಸವೆತದ ಗುರುತಿನ ಗೆರೆ, ಅಂದರೆ 1.6 ಮಿ.ಮೀ. ಎತ್ತರದ ಆ ಸಣ್ಣ ದಿಂಡು, ಮೇಲ್ಮೈಗೆ ಸಮ. ಆಮೇಲೆ ಗಮನಿಸಿದರೆ ಸ್ಟೇರಿಂಗ್ ಕೂಡ ನೇರ ರಸ್ತೆಯಲ್ಲಿ ಎಡಕ್ಕೆ ಚೂರು ವಾಲಿಕೊಂಡೇ ಇತ್ತು. ನಾಲ್ಕು ತಿಂಗಳು ಹಾಗೇ ಓಡಿಸಿದ್ದೆ. ವಾಲ್ವ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ದಿನವಿಡೀ ಮೈಕ್ರೋಮೀಟರ್ ಹಿಡಿಯುವವನು ತನ್ನ ಮನೆಯ ಗಾಡಿಯ ಸ್ಟೇರಿಂಗ್ ಸೊಟ್ಟಗಿದ್ದದ್ದು ನೋಡಲಿಲ್ಲ ಅಂದರೆ ಯಾರಿಗೂ ಹೇಳಿಕೊಳ್ಳುವ ಮಾತಲ್ಲ.

ಪರದೆಯ ಕೆಂಪು ಅಂಕಿ

ನಾಲ್ಕೂ ಗಾಲಿಗೆ ಫಲಕ ಕಟ್ಟಿ ಕ್ಯಾಮೆರಾದಲ್ಲಿ ಅಳೆಯುವ ತ್ರೀಡಿ ಅಲೈನ್‌ಮೆಂಟ್ ಯಂತ್ರ ಇದ್ದ ಅಂಗಡಿಗೆ ಒಯ್ದೆ. ಹಿಂದಿನ ಎಡ ಗಾಲಿಯ ಎರಡೂ ಅಂಕಿ ಕೆಂಪು. ಹುಡುಗ ಅದನ್ನು ನೋಡಿಯೂ ನೋಡದವನ ಹಾಗೆ ಮುಂದಿನ ಗಾಲಿ ತಿರುಗಿಸುವ ಟೈ ರಾಡ್ ಸಡಿಲಿಸುತ್ತಿದ್ದ. ಕೇಳಿದೆ.

"ಹಿಂದಿಂದು ಕೆಂಪ ತೋರಸ್ತೈತಿ ಖರೆ ಸರ, ಆದ್ರ ಈ ಗಾಡಿಗೆ ಹಿಂದ ಅಡ್ಜಸ್ಟ್‌ಮೆಂಟ್ ಇಲ್ರಿ. ಯಾರ ಕಡಿಂದೂ ಆಗೂದಿಲ್ಲ."

ಅವನು ಹೇಳಿದ್ದರ ಮೊದಲರ್ಧ ನಿಜ. ನಮ್ಮಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಹಿಂದುಗಡೆ ಇರುವುದು ಟಾರ್ಷನ್ ಬೀಮ್: ಎರಡು ತೋಳು, ನಡುವೆ ತಿರುಚಿಕೊಳ್ಳಬಲ್ಲ ಒಂದು ಅಡ್ಡಪಟ್ಟಿ, ಎಲ್ಲ ಸೇರಿ ಒಂದೇ ಬೆಸುಗೆಯ ತುಂಡು. ತೋಳಿನ ತುದಿಗೆ ಒಂದು ಚಪ್ಪಟೆ ತಟ್ಟೆ ಬೆಸೆದಿರುತ್ತದೆ. ಆ ತಟ್ಟೆಗೆ ಸ್ಟಬ್ ಆಕ್ಸಲ್ಲನ್ನು, ಅಂದರೆ ಗಾಲಿ ಸುತ್ತುವ ಗಿಡ್ಡ ಅಚ್ಚನ್ನು, ನಾಲ್ಕು ಬೋಲ್ಟಿನಿಂದ ಬಿಗಿದರೆ ಮುಗಿಯಿತು. ಗಾಲಿ ಯಾವ ಕೋನದಲ್ಲಿ ನಿಲ್ಲಬೇಕು ಎನ್ನುವುದು ಕಾರ್ಖಾನೆಯ ಬೆಸುಗೆಯ ಜಿಗ್‌ನಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ. ತಿರುಗಿಸಲು ನಟ್ಟೂ ಇಲ್ಲ, ಸರಿಸಲು ಕ್ಯಾಮೂ ಇಲ್ಲ.

ಅಂಕಿಗಳು ಹೀಗಿದ್ದವು. ಇಲ್ಲಿ ಮಿನಿಟು ಅಂದರೆ ಡಿಗ್ರಿಯ ಅರವತ್ತನೆಯ ಒಂದು ಪಾಲು. ಕ್ಯಾಂಬರ್, ಅಂದರೆ ಹಿಂದೆ ನಿಂತು ನೋಡಿದಾಗ ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ (ಮೈನಸ್ ಅಂದರೆ ಒಳಕ್ಕೆ): ಎಡ ಗಾಲಿಗೆ ಮೈನಸ್ 2 ಡಿಗ್ರಿ 5 ಮಿನಿಟು, ಬಲ ಗಾಲಿಗೆ ಮೈನಸ್ 1 ಡಿಗ್ರಿ 10 ಮಿನಿಟು. ಟೋ, ಅಂದರೆ ಮೇಲಿನಿಂದ ನೋಡಿದಾಗ ಗಾಲಿಯ ಮೂಗು ತಿರುಗಿರುವ ಕೋನ: ಎಡದ್ದು 28 ಮಿನಿಟು ಹೊರಕ್ಕೆ, ಬಲದ್ದು 12 ಮಿನಿಟು ಒಳಕ್ಕೆ. ಈ ಕಾರಿಗೆ ಪುಸ್ತಕದ ಅಳತೆ ಎರಡೂ ಕಡೆ ಕ್ಯಾಂಬರ್ ಮೈನಸ್ 1 ಡಿಗ್ರಿ 10 ಮಿನಿಟಿನ ಆಸುಪಾಸು, ಟೋ ಸುಮಾರು 10 ಮಿನಿಟು ಒಳಕ್ಕೆ. ಬಲ ಗಾಲಿ ಹುಟ್ಟಿದ ಹಾಗೇ ಇತ್ತು. ಕೆಟ್ಟದ್ದು ಎಡ ಒಂದೇ.

ಇಲ್ಲೊಂದು ಲೆಕ್ಕ ಹೇಳಲೇಬೇಕು, ಯಾಕೆಂದರೆ ಅಂಗಡಿಯವರೂ ಇದರಲ್ಲಿ ಎಡವುತ್ತಾರೆ. ಎಡ ಗಾಲಿ 28 ಮಿನಿಟು ಹೊರಕ್ಕೆ ಅಂದರೆ ಅದು 28 ಮಿನಿಟಿನಷ್ಟು ಅಡ್ಡ ಉಜ್ಜುತ್ತಿದೆ ಅಂತ ಅಲ್ಲ. ಎಡ ಗಾಲಿ ಎಡಕ್ಕೆ 28, ಬಲ ಗಾಲಿಯೂ ಎಡಕ್ಕೇ 12. ಎರಡೂ ಒಂದೇ ಬೀಮಿಗೆ ಕಟ್ಟಿದವು, ಆದ್ದರಿಂದ ಕಾರಿನ ಹಿಂಭಾಗ ಎರಡರ ನಡುವಿನ ದಾರಿ ಹಿಡಿಯುತ್ತದೆ: 20 ಮಿನಿಟು ಎಡಕ್ಕೆ. ಇದಕ್ಕೆ ಥ್ರಸ್ಟ್ ಆ್ಯಂಗಲ್ ಅನ್ನುತ್ತಾರೆ. ಕಾರು ನೇರ ಹೋಗಬೇಕಾದರೆ ಮುಂದಿನ ಗಾಲಿಗಳೂ ಅದೇ 20 ಮಿನಿಟು ಎಡಕ್ಕೆ ತಿರುಗಬೇಕು. ಸ್ಟೇರಿಂಗ್ ಅನುಪಾತ 16ಕ್ಕೆ 1 ಅಂತ ಹಿಡಿದರೆ ಸ್ಟೇರಿಂಗ್ ಚಕ್ರ 5 ಡಿಗ್ರಿ ಚಿಲ್ಲರೆ ಎಡಕ್ಕೆ ಕೂರುತ್ತದೆ. ನನ್ನದು ಕೂತದ್ದೂ ಅಷ್ಟೇ. ಕಾರಿನ ಮೈ ಮಾತ್ರ ಮೂಗು ಬಲಕ್ಕೆ ಮಾಡಿಕೊಂಡು, ಹಿಂಭಾಗ ಸುಮಾರು 14 ಮಿ.ಮೀ. ಎಡಕ್ಕೆ ಸರಿದು, ಏಡಿಯ ಹಾಗೆ ಓರೆಯಾಗಿ ನಡೆಯುತ್ತಿತ್ತು.

ಹಾಗಾದರೆ ಟೈರು ನಿಜವಾಗಿ ಉಜ್ಜುತ್ತಿದ್ದದ್ದು ಎಷ್ಟು? ಓಡುವ ದಾರಿಗೆ ಹೋಲಿಸಿದರೆ ಒಂದೊಂದು ಗಾಲಿ 8 ಮಿನಿಟು ಹೊರಕ್ಕೆ. ಒಂದು ಕಿಲೋಮೀಟರು ಓಡಿದರೆ 2.3 ಮೀಟರು ಅಡ್ಡಕ್ಕೆ ಎಳೆದ ಹಾಗೆ. ಇದು ಎರಡೂ ಟೈರಿಗೆ ಸಮಪಾಲು. ಆದರೆ ಎಡದ್ದರ ತಲೆ ಒಳಕ್ಕೆ ಹೆಚ್ಚು ವಾಲಿದ್ದರಿಂದ ಅದರ ಭಾರವೆಲ್ಲ ಒಳ ಅಂಚಿನ ಮೇಲೆ. ಉಜ್ಜು ಇಬ್ಬರದ್ದೂ, ಬೋಳಾದದ್ದು ಒಬ್ಬನ ತಲೆ.

ಗುಂಡಿಗೆ ಬಿದ್ದ ಗಾಲಿ ಹೀಗೇ ಬಾಗಬೇಕು. ಗುಂಡಿಯ ಎದುರು ಅಂಚು ಗಾಲಿಯನ್ನು ಹಿಂದಕ್ಕೂ ಮೇಲಕ್ಕೂ ನೂಕುತ್ತದೆ. ಗಾಲಿ ತೋಳಿನಿಂದ ಹೊರಗೆ ಚಾಚಿಕೊಂಡಿರುವುದರಿಂದ, ಹಿಂದಕ್ಕೆ ನೂಕಿದಾಗ ಮೂಗು ಹೊರಕ್ಕೆ ತಿರುಗುತ್ತದೆ, ಮೇಲಕ್ಕೆ ನೂಕಿದಾಗ ತಲೆ ಒಳಕ್ಕೆ ವಾಲುತ್ತದೆ. ಫುಟ್‌ಪಾತಿನ ಕಲ್ಲಿಗೆ ಪಕ್ಕದಿಂದ ಬಡಿದಿದ್ದರೆ ಬುಡ ಒಳಕ್ಕೆ ಹೋಗಿ ತಲೆ ಹೊರಕ್ಕೆ ಬರುತ್ತಿತ್ತು. ಅಂಕಿ ನೋಡಿಯೇ ಪೆಟ್ಟು ಎಲ್ಲಿಂದ ಬಿತ್ತು ಅಂತ ಹೇಳಬಹುದು.

ಮೂರು ಸಲಹೆ

ಸರ್ವಿಸ್ ಸೆಂಟರಿನವರು ಬೀಮ್ ಪೂರ್ತಿ ಬದಲಾಯಿಸಬೇಕು ಅಂದರು. ಬೀಮ್ ಕೂರುವ ರಬ್ಬರ್ ಬುಷ್, ಕೂಲಿ ಎಲ್ಲ ಸೇರಿ 41,000 ರೂಪಾಯಿ, ಮಾಲು ಬರಲು ಐದು ವಾರ. ಅವರ ಮಾತಲ್ಲಿ ತಪ್ಪಿಲ್ಲ. ಕಂಪನಿಯ ಪುಸ್ತಕದಲ್ಲಿ ಇರುವುದು ಅದೊಂದೇ ದಾರಿ.

ಇನ್ನೊಬ್ಬ ಮೆಕ್ಯಾನಿಕ್ಕು ಗ್ಯಾಸ್ ಹಚ್ಚಿ ತೋಳು ಕೆಂಪಗೆ ಕಾಯಿಸಿ ಜ್ಯಾಕ್ ಕೊಟ್ಟು ಎಳೆಯೋಣ ಅಂದ. ಲಾರಿಯ ದಪ್ಪ ಆಕ್ಸಲ್ ಮೇಲೆ ಹಾಗೆ ಮಾಡಿ ಅವನಿಗೆ ರೂಢಿ. ಆದರೆ ಈ ಬೀಮ್ ತೆಳು ತಗಡನ್ನು ಒತ್ತಿ ಮಾಡಿದ ಗಟ್ಟಿ ಉಕ್ಕು. ರಸ್ತೆಯ ಪ್ರತಿ ಉಬ್ಬಿಗೂ ತಿರುಚಿಕೊಂಡು ವಾಪಸ್ ಬರುವುದೇ ಅದರ ಕೆಲಸ. ಕೆಂಪಗೆ ಕಾಯಿಸಿದ ಜಾಗದಲ್ಲಿ ಆ ಗಟ್ಟಿತನ ಹೋಗುತ್ತದೆ. ಆಮೇಲೆ ಬಿರುಕು ಬಿಡುವುದು ಇವತ್ತಲ್ಲದಿದ್ದರೆ ನಾಳೆ, ಅದೂ ಘಟ್ಟದಲ್ಲೇ.

ಮೂರನೆಯವನದ್ದು ಅಗ್ಗದ ದಾರಿ: ಮೇಲಿನ ಎರಡು ಬೋಲ್ಟಿಗೆ ನಡುವೆ ಎರಡೆರಡು ವಾಷರ್ ತುರುಕಿ ಬಿಗಿದುಬಿಡಿ. ದಿಕ್ಕೇನೋ ಸರಿ. ಆದರೆ ಇಂಥ ಜೋಡಣೆಯಲ್ಲಿ ಭಾರ ಹೊರುವುದು ಬೋಲ್ಟಿನ ಕಂಬವಲ್ಲ. ಬೋಲ್ಟು ಎರಡು ಮುಖಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತದೆ, ಆ ಮುಖಗಳ ನಡುವಿನ ಘರ್ಷಣೆ ಭಾರ ಹೊರುತ್ತದೆ. ವಾಷರ್ ತುರುಕಿದರೆ ಮುಖಕ್ಕೆ ಮುಖ ತಾಗುವುದೇ ಇಲ್ಲ. ನಾಲ್ಕು ಬಿಲ್ಲೆಗಳ ಮೇಲೆ ಗಾಲಿ ನಿಂತಿರುತ್ತದೆ. ಕೆಲವು ದಿನಕ್ಕೆ ಬಿಲ್ಲೆ ಒತ್ತಿಕೊಂಡು ತಗ್ಗಾಗುತ್ತದೆ, ಬಿಗಿತ ಇಳಿಯುತ್ತದೆ, ಬೋಲ್ಟು ಮುರಿಯುತ್ತದೆ.

ಅವನ ಸಲಹೆಯ ಒಳಗೇ ನನ್ನ ದಾರಿಯೂ ಇತ್ತು. ಬಿಲ್ಲೆಯ ಬದಲು ತಟ್ಟೆಯಷ್ಟೇ ಅಗಲದ, ಇಡೀ ಮುಖಕ್ಕೆ ಕೂರುವ, ಒಂದು ಕಡೆ ದಪ್ಪ ಒಂದು ಕಡೆ ತೆಳುವಾದ ಬೆಣೆ. ಅಮೆರಿಕದಲ್ಲಿ ಇಂಥ ಶಿಮ್‌ಗಳು ಅಂಗಡಿಯಲ್ಲೇ ಸಿದ್ಧವಾಗಿ ಸಿಗುತ್ತವೆ. ನಮಗೆ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್ ಇದೆ.

ಬಾಗಿದ್ದು ಎಲ್ಲಿ

ಬೆಣೆ ಮಾಡುವ ಮೊದಲು ತಿಳಿಯಬೇಕಾದದ್ದು ಯಾವ ಭಾಗ ಬಾಗಿದೆ ಎನ್ನುವುದು. ಒಂದು ವಾರದ ಕೆಲಸದಲ್ಲಿ ನಾಲ್ಕು ದಿನ ಇದಕ್ಕೇ ಹೋಯಿತು.

ಒಂದು ಭಾನುವಾರ ಮನೆಯ ಮುಂದಿನ ಫರ್ಶಿಯ ಮೇಲೆ ಕಾರು ನಿಲ್ಲಿಸಿ, ಎರಡೂ ಪಕ್ಕ ಗಾಲಿಯ ನಡುಮಟ್ಟಕ್ಕೆ ಮೀನಿನ ಗಾಳದ ದಾರ ಕಟ್ಟಿದೆ. ಎರಡು ದಾರವೂ ಒಂದಕ್ಕೊಂದು ಸಮಾನಾಂತರ ಬರುವವರೆಗೆ ಸ್ಟ್ಯಾಂಡು ಸರಿಸುತ್ತ ಒಂದು ತಾಸು. ಆಮೇಲೆ ಸ್ಟೀಲ್ ಸ್ಕೇಲ್ ಹಿಡಿದು ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಅಂತ ಅಳೆಯುವುದು. 380 ಮಿ.ಮೀ. ಅಡ್ಡಳತೆಯ ರಿಮ್ಮಿನ ಮೇಲೆ ಎಡಗಡೆ ಮುಂದಿನ ಅಂಚು ದಾರಕ್ಕೆ 3 ಮಿ.ಮೀ. ಹತ್ತಿರ, ಬಲಗಡೆ ಒಂದು ಮಿ.ಮೀ. ಚಿಲ್ಲರೆ ದೂರ. ಮೇಲಿಂದ ತೂಗುಗುಂಡು ಬಿಟ್ಟರೆ ಎಡ ಗಾಲಿಯ ತಲೆ ಬುಡಕ್ಕಿಂತ 14 ಮಿ.ಮೀ. ಒಳಗೆ, ಬಲದ್ದು 8. ಕ್ಯಾಮೆರಾ ಯಂತ್ರ ಹೇಳಿದ್ದಕ್ಕೂ ದಾರ ಹೇಳಿದ್ದಕ್ಕೂ ತಾಳೆಯಾಯಿತು. ಲಕ್ಷಗಟ್ಟಲೆ ರೂಪಾಯಿಯ ಯಂತ್ರವನ್ನು ಹತ್ತು ರೂಪಾಯಿಯ ದಾರದಿಂದ ಪರೀಕ್ಷಿಸುವುದು ಅಹಂಕಾರ ಅನ್ನಿಸಬಹುದು. ಆದರೆ ಫಲಕ ರಿಮ್ಮಿಗೆ ಸರಿಯಾಗಿ ಕೂರದೆ ತಪ್ಪು ಅಂಕಿ ಕೊಟ್ಟದ್ದನ್ನು ನಾನೇ ಬೇರೆ ಗಾಡಿಯಲ್ಲಿ ಕಂಡಿದ್ದೇನೆ.

ಎರಡೂ ಕಡೆ ಮುಂದಿನ ಗಾಲಿಯ ಹಬ್ಬಿನಿಂದ, ಅಂದರೆ ನಡುಭಾಗದಿಂದ, ಹಿಂದಿನ ಹಬ್ಬಿಗೆ ಇರುವ ದೂರದಲ್ಲಿ ವ್ಯತ್ಯಾಸ 2 ಮಿ.ಮೀ. ಮಾತ್ರ. ಅಂದರೆ ಬೀಮ್ ಮೈಯಿಂದ ಸರಿದಿಲ್ಲ, ತೋಳು ಹಿಂದಕ್ಕೆ ಮಡಚಿಲ್ಲ. ಬುಷ್ ಗಟ್ಟಿ. ಬೇರಿಂಗ್‌ನಲ್ಲಿ ಆಟ ಇಲ್ಲ. ಉಳಿದದ್ದು ಸ್ಟಬ್ ಆಕ್ಸಲ್ ಅಥವಾ ಅದರ ಹಿಂದಿನ ತಟ್ಟೆ.

ಸ್ಟಬ್ ಬಿಚ್ಚಿ ಲೇತಿನ ಸೆಂಟರುಗಳ ನಡುವೆ ಹಿಡಿದು ತಿರುಗಿಸುತ್ತ ಅದರ ಚಾಚಿಗೆ, ಅಂದರೆ ಬೋಲ್ಟು ಬೀಳುವ ಅಗಲ ಅಂಚಿಗೆ, ಡಯಲ್ ಗೇಜ್ ಹಚ್ಚಿದೆವು. ಮುಳ್ಳು ಆಡಿದ್ದು 0.04 ಮಿ.ಮೀ. ಸ್ಟಬ್ ನೇರ ಇದೆ. ಇದು ಬಾಗಿದ್ದಿದ್ದರೆ ಹೊಸದು ತಂದು ಹಾಕಿ ಈ ಬರಹ ಇಲ್ಲಿಗೇ ಮುಗಿಸುತ್ತಿದ್ದೆ. ತಟ್ಟೆಯ ಮುಖಕ್ಕೆ ಪ್ರಷಿಯನ್ ಬ್ಲೂ ಸವರಿದ ಸಪಾಟು ಪ್ಲೇಟು ಒತ್ತಿ ನೋಡಿದರೆ ನೀಲಿ ಎಲ್ಲ ಕಡೆ ಹತ್ತಿತು. ಅಂದರೆ ತಟ್ಟೆ ಡೊಂಕಾಗಿಲ್ಲ. ಸಪಾಟಾಗಿಯೇ ಇದ್ದುಕೊಂಡು, ಬೆಸುಗೆಯ ಪಕ್ಕದ ತೋಳಿನ ತಗಡು ಬಳುಕಿದ್ದರಿಂದ ಒಟ್ಟಾಗಿ ವಾಲಿದೆ. ಬೆಣೆ ಕೂರಬೇಕಾದರೆ ಸಪಾಟು ಮುಖ ಬೇಕು. ಅದು ಸಿಕ್ಕಿತು.

ಆದರೆ ಬಳುಕಿದ ಜಾಗದಲ್ಲಿ ಬಿರುಕು ಇದ್ದರೆ? ಈ ಪ್ರಶ್ನೆಗೆ ಉತ್ತರ ಸಿಗದೆ ಮುಂದೆ ಹೋಗುವುದಿಲ್ಲ ಅಂತ ಮೊದಲೇ ನಿರ್ಧರಿಸಿದ್ದೆ. ನಮ್ಮ ಕಾರ್ಖಾನೆಯಲ್ಲಿ ಎರಕದ ಮಾಲಿಗೆ ದಿನಾ ಮಾಡುವ ಡಿಪಿ (ಡೈ ಪೆನಿಟ್ರಂಟ್) ಟೆಸ್ಟೇ ಇಲ್ಲಿಗೂ. ಬಣ್ಣ ತೆಗೆದು, ಬೆಸುಗೆಯ ಸುತ್ತ ಕೆಂಪು ದ್ರವ ಸಿಂಪಡಿಸಿ, ಕಾಲು ತಾಸು ಬಿಟ್ಟು ಬಟ್ಟೆಯಲ್ಲಿ ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ. ಬಿರುಕು ಇದ್ದರೆ ಅದರೊಳಗೆ ಇಂಗಿದ ಕೆಂಪು, ಬಿಳಿಯ ಮೇಲೆ ಕೂದಲೆಳೆಯಂತೆ ಎದ್ದು ಬರುತ್ತದೆ. ಹತ್ತು ನಿಮಿಷ ಕಣ್ಣು ಕೀಳದೆ ಕೂತೆ. ಬಿಳಿ ಬಿಳಿಯಾಗಿಯೇ ಉಳಿಯಿತು. ಒಂದು ಗೆರೆ ಬಂದಿದ್ದರೂ 41,000 ಕೊಟ್ಟು ಬರುತ್ತಿದ್ದೆ.

ಎರಡು ಇಳಿಜಾರು ಸೇರಿ ಒಂದು

ಬೇಕಾದ ತಿದ್ದುಪಡಿ: ಕ್ಯಾಂಬರ್ 55 ಮಿನಿಟು ಹೊರಕ್ಕೆ, ಟೋ 38 ಮಿನಿಟು ಒಳಕ್ಕೆ. ತಟ್ಟೆಯ ಎತ್ತರ 110 ಮಿ.ಮೀ., ಅಗಲ 100.

ಗಾಲಿಯ ತಲೆ ಹೊರಕ್ಕೆ ಬರಬೇಕಾದರೆ ಬೆಣೆ ಮೇಲ್ಗಡೆ ದಪ್ಪ ಇರಬೇಕು. 55 ಮಿನಿಟಿಗೆ 110 ಮಿ.ಮೀ. ಎತ್ತರದಲ್ಲಿ 1.76 ಮಿ.ಮೀ. ಏರಿಕೆ. ಗಾಲಿಯ ಮೂಗು ಒಳಕ್ಕೆ ಬರಬೇಕಾದರೆ ಹಿಂಗಡೆ ದಪ್ಪ. 38 ಮಿನಿಟಿಗೆ 100 ಮಿ.ಮೀ. ಅಗಲದಲ್ಲಿ 1.1 ಮಿ.ಮೀ. ಹಾಗಾಗಿ ಕೆಳಗಿನ ಮುಂದಿನ ಮೂಲೆ ಎಲ್ಲಕ್ಕಿಂತ ತೆಳು, ಮೇಲಿನ ಹಿಂದಿನ ಮೂಲೆ ಎಲ್ಲಕ್ಕಿಂತ ದಪ್ಪ. ತೆಳು ಮೂಲೆ 1 ಮಿ.ಮೀ. ಸಾಕು ಅಂತ ಬರೆದು ನಕ್ಷೆ ಒಯ್ದೆ.

ಎಸ್ಟೇಟಿನ ಕೊನೆಯ ಸಾಲಿನಲ್ಲಿ ಒಂದು ಲೇತು, ಒಂದು ಶೇಪರು, ಒಂದು ಸರ್ಫೇಸ್ ಗ್ರೈಂಡರ್ ಇಟ್ಟುಕೊಂಡಿರುವ ಹಿರಿಯ ಟರ್ನರ್ ಇದ್ದಾರೆ. ನಾವೆಲ್ಲ ಕಾಕಾ ಅನ್ನುತ್ತೇವೆ. ನಕ್ಷೆಯನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು ನೋಡಿದರು.

"ತಮ್ಮಾ, ಇದು ಸೂತದ ಲೆಕ್ಕದ ಕೆಲಸಲ್ಲ, ಪಾಯಿಂಟಿಂದು. ಮತ್ತ ಈ ಒಂದು ಎಂಎಂ ಮೂಲಿ ಐತೆಲ್ಲ, ಗ್ರೈಂಡಿಂಗ್ ಮ್ಯಾಲ ಹಾಳಿ ಆದಂಗ ಆಗಿ ಏಳತೈತಿ. ಒಂದೂವರಿ ಇಡು."

ಸೂತ ಅಂದರೆ ಇಂಚಿನ ಎಂಟನೆಯ ಒಂದು ಪಾಲು, 3 ಮಿ.ಮೀ.ಗಿಂತ ಚೂರು ಹೆಚ್ಚು. ಪಾಯಿಂಟು ಅಂದರೆ ಮಿಲಿಮೀಟರಿನ ನೂರನೆಯ ಒಂದು ಪಾಲು. ಕಾಕಾ ಹೇಳಿದ ಹಾಗೆ ತೆಳು ಮೂಲೆ 1.5 ಮಾಡಿದೆ. ಉಳಿದ ಮೂಲೆಗಳು 2.6, 3.26, 4.37 ಆದವು. ಹಬ್ಬು ಒಟ್ಟು 3 ಮಿ.ಮೀ.ಗೆ ಕಡಿಮೆ ಹೊರಗೆ ಬರುತ್ತದೆ. ಅಷ್ಟಕ್ಕೆ ತೊಂದರೆ ಇಲ್ಲ.

ಎರಡು ದಿಕ್ಕಿನ ಇಳಿಜಾರನ್ನು ಎರಡು ಸಲ ಕೂರಿಸಿ ಕೊರೆಯುವುದು ದಡ್ಡತನ. ಸಪಾಟು ಮುಖಕ್ಕೆ ಇಳಿಜಾರು ಇರುವುದು ಒಂದೇ. ಚಾವಣಿಯ ಮೇಲೆ ನೀರು ಎರಡು ದಿಕ್ಕಿಗೆ ಹರಿಯದೆ ಓರೆಯಾಗಿ ಒಂದೇ ಕಡೆ ಇಳಿಯುವ ಹಾಗೆ. ಎರಡನ್ನೂ ಕೂಡಿಸಿದರೆ 1 ಡಿಗ್ರಿ 7 ಮಿನಿಟಿನ ಒಂದೇ ಇಳಿಜಾರು, ಅದರ ದಿಕ್ಕು ನೆಟ್ಟಗಿನಿಂದ ಹಿಂದಕ್ಕೆ ಮೂವತ್ತೈದು ಡಿಗ್ರಿಗೆ ಚೂರು ಕಡಿಮೆ ಓರೆ. ಆದ್ದರಿಂದ ಪ್ಲೇಟನ್ನು ಅಷ್ಟು ಓರೆಗೆ ತಿರುಗಿಸಿ ಸೈನ್ ಮ್ಯಾಗ್ನೆಟಿಕ್ ಚಕ್ಕಿನ, ಅಂದರೆ ಬೇಕಾದ ಕೋನಕ್ಕೆ ಓರೆ ಮಾಡಬಲ್ಲ ಆಯಸ್ಕಾಂತದ ಹಲಗೆಯ, ಮೇಲೆ ಇಟ್ಟರೆ ಒಂದೇ ಏಟಿಗೆ ಕೆಲಸ. ರೋಲರುಗಳ ನಡುವೆ 100 ಮಿ.ಮೀ. ಇರುವ ಚಕ್ಕಿಗೆ ಕೆಳಗಿಡಬೇಕಾದ ಸ್ಲಿಪ್ ಗೇಜ್, ಅಂದರೆ ನಿಖರ ದಪ್ಪದ ಉಕ್ಕಿನ ತುಂಡು, 1.94 ಮಿ.ಮೀ. ಕಾಕಾ ಮರದ ಪೆಟ್ಟಿಗೆ ತೆಗೆದು 1.44ರದ್ದೊಂದು, 0.5ರದ್ದೊಂದು ಎತ್ತಿ, ಶರ್ಟಿನ ಒಳಮಡಿಕೆಗೆ ಒರೆಸಿ, ಒಂದರ ಮೇಲೊಂದು ಉಜ್ಜಿ ಅಂಟಿಸಿದರು. ಆ ಎರಡು ಉಕ್ಕಿನ ಚೂರು ಅಂಟೂ ಇಲ್ಲದೆ ಆಯಸ್ಕಾಂತವೂ ಇಲ್ಲದೆ ಹಿಡಿದುಕೊಳ್ಳುವುದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಪ್ರತಿ ಸಲವೂ ಒಂದು ಕ್ಷಣ ನಿಂತು ನೋಡುತ್ತೇನೆ.

ಮಾಲು ಇಎನ್-8 ದರ್ಜೆಯ ಉಕ್ಕು. ಅಲ್ಯೂಮಿನಿಯಂ ಮಾಡಿದ್ದರೆ ಕೆಲಸ ಅರ್ಧಕ್ಕೆ ಇಳಿಯುತ್ತಿತ್ತು, ಆದರೆ ಉಕ್ಕಿನ ನಡುವೆ ಮಳೆನೀರಿನಲ್ಲಿ ಅದು ಬಿಳಿ ಪುಡಿಯಾಗಿ ಸವೆಯುತ್ತದೆ. 6 ಮಿ.ಮೀ. ಪಟ್ಟಿ ಕತ್ತರಿಸಿ, ಎರಡೂ ಮುಖ 5 ಮಿ.ಮೀ.ಗೆ ಸಮ ಮಾಡಿ, ನಾಲ್ಕು ತೂತು ಮತ್ತು ನಡುವೆ ಸ್ಟಬ್ಬಿನ ಮೂತಿಗೆ ದೊಡ್ಡ ತೂತು ಹೊಡೆದು, ಆಮೇಲೆ ಇಳಿಜಾರು. ಗ್ರೈಂಡರಿನ ಕಲ್ಲು ಒಂದು ಸಲಕ್ಕೆ ಒಂದು ಪಾಯಿಂಟು, ಎರಡು ಪಾಯಿಂಟು ಮಾತ್ರ ತಿನ್ನಬೇಕು. ಅವಸರ ಮಾಡಿದರೆ ತೆಳು ಕಡೆ ಕಾದು ಬಿಲ್ಲಿನ ಹಾಗೆ ಬಾಗುತ್ತದೆ. ಮಧ್ಯಾಹ್ನ ಎರಡಕ್ಕೆ ಶುರುವಾದದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಮೈಕ್ರೋಮೀಟರಿಗೆ ನಾಲ್ಕು ಮೂಲೆ 1.52, 2.60, 3.24, 4.33. ಕಾಕಾ ಮುಂದಿನ ಅಂಚಿಗೆ 'ಎಫ್' ಅಂತ ಪಂಚ್ ಹೊಡೆದು ಕೈಗಿಟ್ಟರು.

ಬೋಲ್ಟಿನ ವಿಷಯ ಅವಸರದಲ್ಲಿ ಮರೆಯುವಂಥದ್ದು. ಈ ಕಾರಿನಲ್ಲಿ ಬೋಲ್ಟು ತಟ್ಟೆಯ ಒಳಗಡೆಯಿಂದ ಬಂದು ಸ್ಟಬ್ಬಿನ ಚಾಚಿನಲ್ಲಿ ತಿರುಪಿಗೆ ಹತ್ತುತ್ತದೆ. ಈಗ ಸ್ಟಬ್ಬು ತಟ್ಟೆಗೆ 1 ಡಿಗ್ರಿ ಓರೆ ಆದದ್ದರಿಂದ ಬೋಲ್ಟೂ ಓರೆ. ಅದರ ತಲೆ ತಟ್ಟೆಯ ಮೇಲೆ ಒಂದು ಅಂಚಿನಲ್ಲಷ್ಟೇ ಕೂರುತ್ತದೆ. 17 ಮಿ.ಮೀ. ತಲೆಗೆ ಇನ್ನೊಂದು ಅಂಚಿನಲ್ಲಿ ಮೂರನೇ ಒಂದು ಮಿಲಿಮೀಟರು ಸಂದು. ಹಾಗೇ ಬಿಗಿದರೆ ಬೋಲ್ಟಿನ ಕುತ್ತಿಗೆ ಬಾಗುತ್ತದೆ. ಇದಕ್ಕೆ ಫಿಕ್ಸ್‌ಚರ್ ಮಾಡುವವರು ಬಳಸುವ ಗೋಳಾಕಾರದ ವಾಷರ್ ಜೋಡಿ ಹಾಕಿದೆ: ಒಂದು ಉಬ್ಬು, ಒಂದು ತಗ್ಗು, ಸಣ್ಣ ಓರೆ ಇದ್ದರೂ ಬಟ್ಟಲಲ್ಲಿ ಗುಂಡು ಕೂತ ಹಾಗೆ ಕೂತುಕೊಳ್ಳುತ್ತದೆ. ಬೆಣೆ, ವಾಷರ್ ಎರಡಕ್ಕೂ ಸೇರಿಸಿ ಬೋಲ್ಟು ಮೊದಲಿನದಕ್ಕಿಂತ 10 ಮಿ.ಮೀ. ಹೆಚ್ಚು ಉದ್ದದ್ದು, ಬಲದಲ್ಲಿ 10.9 ದರ್ಜೆಯದ್ದು, ಹೊಸದು. ತಿರುಪು ಕನಿಷ್ಠ ಬೋಲ್ಟಿನ ದಪ್ಪದಷ್ಟು ಒಳಗೆ ಹೋಗಿದೆಯೇ, ತುದಿ ಆಚೆ ಬಂದು ಡ್ರಮ್ಮಿನ ಒಳಗೆ ಏನಾದರೂ ಮುಟ್ಟುತ್ತದೆಯೇ ಅಂತ ಬಿಗಿಯುವ ಮೊದಲೇ ನೋಡಿದ್ದಾಯಿತು. ಬೆಣೆ ಕೂತದ್ದು ಬೀಮಿನ ತಟ್ಟೆಗೂ ಬ್ರೇಕಿನ ಬ್ಯಾಕ್ ಪ್ಲೇಟಿಗೂ ನಡುವೆ. ಹಾಗಾಗಿ ಡ್ರಮ್ಮು, ಲೈನರು, ಎಬಿಎಸ್ ಸೆನ್ಸರು ಎಲ್ಲ ಸ್ಟಬ್ಬಿನ ಜೊತೆಗೇ ಓರೆಯಾದವು, ಒಂದಕ್ಕೊಂದು ಬದಲಾಗಲಿಲ್ಲ. ಬ್ರೇಕ್ ಪೈಪಿಗೆ ಮಾತ್ರ ಎಳೆತ ಬೀಳದ ಹಾಗೆ ಕ್ಲಿಪ್ಪು ಸಡಿಲಿಸಿ ಕೂರಿಸಬೇಕಾಯಿತು. ಮುಖಗಳಿಗೆ ಬಣ್ಣ ಬಳಿಯಲಿಲ್ಲ. ಬಣ್ಣ ಕೆಲವು ದಿನಕ್ಕೆ ಒತ್ತಿಕೊಂಡು ಹೋದರೆ ಅಷ್ಟೇ ಬಿಗಿತ ಕಡಿಮೆ.

ಎಫ್ ಎಲ್ಲಿದೆ

ಅಲೈನ್‌ಮೆಂಟ್ ಅಂಗಡಿಯ ಹುಡುಗ ಫಲಕ ಕಟ್ಟುವಾಗಲೇ ನಗುತ್ತಿದ್ದ. ಕ್ಯಾಂಬರ್ ಬಂತು: ಮೈನಸ್ 1 ಡಿಗ್ರಿ 14 ಮಿನಿಟು. ಪುಸ್ತಕದ ಅಳತೆಗೆ 4 ಮಿನಿಟು ಅಷ್ಟೇ. ನಗು ನಿಂತಿತು. ಆಮೇಲೆ ಟೋ ಬಂತು: 1 ಡಿಗ್ರಿ 5 ಮಿನಿಟು ಹೊರಕ್ಕೆ. 28 ಇದ್ದದ್ದು 65.

ಸರಿಯಾಗಿ 37 ಮಿನಿಟು ಬದಲಾಗಿದೆ, ಆದರೆ ಉಲ್ಟಾ ದಿಕ್ಕಿಗೆ. ನಕ್ಷೆ ತೆಗೆದು ನೋಡಿದೆ. ಎಲ್ಲ ಅಳತೆ ಇದೆ, ಯಾವ ಕಡೆಯಿಂದ ನೋಡಿದ ಚಿತ್ರ ಅಂತ ಎಲ್ಲೂ ಬರೆದಿಲ್ಲ. ನಾನು ಕಾರಿನ ಹೊರಗೆ ನಿಂತು ಗಾಲಿಯನ್ನು ನೋಡಿದ ಹಾಗೆ ಬರೆದಿದ್ದೆ. ಎಡ ಗಾಲಿಗೆ ಆಗ ಕಾರಿನ ಮುಂಭಾಗ ಕಾಗದದ ಎಡಕ್ಕೆ ಬರುತ್ತದೆ. ಕಾಕಾ ಕಾರಿನ ಅಡಿಯಲ್ಲಿ ಮಲಗಿ ನೋಡಿದ ಹಾಗೆ ತಿಳಿದಿದ್ದರು. ಅವರಿಗೆ ಮುಂಭಾಗ ಬಲಕ್ಕೆ. ಹಾಗಾಗಿ ದಪ್ಪ ಅಂಚಿಗೆ 'ಎಫ್' ಬಿದ್ದಿದೆ. ನೋಟದ ದಿಕ್ಕು ಬರೆಯದ ನಕ್ಷೆಯನ್ನು ಕಾರ್ಖಾನೆಯಲ್ಲಿ ನಾನೇ ಎಷ್ಟು ಸಲ ವಾಪಸ್ ಕಳಿಸಿದ್ದೇನೋ.

ಇನ್ನೊಂದು ಮಾಡಿಸಬೇಕು ಅಂತ ಫೋನ್ ಹಚ್ಚಿದೆ. ಕಾಕಾ ತಮ್ಮ ಸಹಾಯಕ ಹುಡುಗನನ್ನು ಕರೆದುಕೊಂಡು ಸ್ಕೂಟರಿನಲ್ಲಿ ಬಂದೇಬಿಟ್ಟರು. ನಾವಿಬ್ಬರೂ ಕಾಗದ ತಿರುಗಿಸಿ ತಿರುಗಿಸಿ ನೋಡುತ್ತಿರುವಾಗ ಆ ಹುಡುಗ ಬೆಣೆ ಕೈಯಲ್ಲಿ ಹಿಡಿದು, ಪುಸ್ತಕದ ಹಾಳೆ ಮಗುಚಿದ ಹಾಗೆ ಮಗುಚಿದ.

"ಕಾಕಾ, ಹೊಳ್ಳಿಸಿ ಹಾಕಿದ್ರ ದಪ್ಪ ಹಿಂದ ಹೋಗತೈತಲ್ರಿ."

ಹೌದು. ಬೆಣೆಗೆ ಮುಖವಿಲ್ಲ, ಬೆನ್ನಿಲ್ಲ. ಎರಡು ಸಪಾಟಿನ ನಡುವಿನ ಕೋನವಷ್ಟೇ ಅದರ ಕೆಲಸ. ನಾಲ್ಕು ತೂತೂ ಎಡಬಲ ಸಮನಾಗಿ ಇದ್ದದ್ದರಿಂದ ನೆಟ್ಟಗಿನ ಅಕ್ಷದ ಮೇಲೆ ಮಗುಚಿದರೆ ಮೇಲುಕೆಳಗು ಹಾಗೇ ಇದ್ದು ಹಿಂದುಮುಂದು ಮಾತ್ರ ಅದಲುಬದಲು. ಗೋಳಾಕಾರದ ವಾಷರು ಯಾವ ದಿಕ್ಕಿನ ಓರೆಗೂ ಒಗ್ಗುವುದರಿಂದ ಅದಕ್ಕೂ ತೊಂದರೆ ಇಲ್ಲ. ತೂತುಗಳು ಎಡಬಲ ಸಮ ಇಲ್ಲದ ಕಾರಾಗಿದ್ದರೆ ಈ ಭಾಗ್ಯ ಇರುತ್ತಿರಲಿಲ್ಲ. ಮುಕ್ಕಾಲು ತಾಸಿನಲ್ಲಿ ಬಿಚ್ಚಿ, ಮಗುಚಿ, ಪುಸ್ತಕದಲ್ಲಿ ಹೇಳಿದ ಟಾರ್ಕಿಗೆ, ಅಂದರೆ ಬಿಗಿತಕ್ಕೆ, ಬಿಗಿದು ಮತ್ತೆ ಯಂತ್ರಕ್ಕೆ ಹತ್ತಿಸಿದೆವು. ಟೋ 9 ಮಿನಿಟು ಒಳಕ್ಕೆ. ಕ್ಯಾಂಬರ್ ಅದೇ 1 ಡಿಗ್ರಿ 14. ಥ್ರಸ್ಟ್ ಆ್ಯಂಗಲ್ 20 ಮಿನಿಟಿನಿಂದ ಒಂದೂವರೆ ಮಿನಿಟಿಗೆ ಇಳಿದಿತ್ತು. ಆಮೇಲೆ ಮುಂದಿನ ಗಾಲಿಗಳ ಟೋ ಹೊಸದಾಗಿ ಕೂರಿಸಿದರು. ಹಿಂದಿನದು ಸರಿಯಾದ ಮೇಲೆ ಮುಂದಿನ ಹಳೆಯ ಅಳತೆಗೆ ಅರ್ಥವಿಲ್ಲ.

ಸಹಾಯಕ ಹುಡುಗನಿಗೆ ಗಿರ್ಮಿಟ್ಟು, ಮಿರ್ಚಿ ಕೊಡಿಸಿದೆ. ಅಲೈನ್‌ಮೆಂಟ್ ಹುಡುಗ ಪರದೆಯ ಹಸಿರು ಅಂಕಿಗಳ ಫೋಟೋ ತೆಗೆದುಕೊಂಡ.

ಖರ್ಚು, ಆಮೇಲಿನ ಮಾತು

ಪಟ್ಟಿ ಮತ್ತು ಕಟಿಂಗ್ 300, ಮಶೀನಿಂಗ್ 3,200, ಬೋಲ್ಟು ವಾಷರು 1,150, ಬಿಚ್ಚಿ ಹಾಕುವ ಕೂಲಿ 800, ನಾಲ್ಕು ಸಲ ಅಲೈನ್‌ಮೆಂಟ್ 2,000. ಒಟ್ಟು 7,450 ರೂಪಾಯಿ. ನನ್ನ ನಾಲ್ಕು ದಿನಕ್ಕೆ ಬೆಲೆ ಕಟ್ಟಿಲ್ಲ. ಹೊಸ ಬೀಮ್ 15,000ಕ್ಕೆ ಸಿಗುವಂತಿದ್ದರೆ ನಾನು ಈ ಉಸಾಬರಿಗೆ ಹೋಗುತ್ತಿರಲಿಲ್ಲ, ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಡಿಪಿ ಟೆಸ್ಟ್ ಮಾಡಿಸಲು ದಾರಿ ಇಲ್ಲದವರು, ತಟ್ಟೆಯೇ ಡೊಂಕಾದವರು, ಎರಡು ಡಿಗ್ರಿಗಿಂತ ಹೆಚ್ಚು ತಿದ್ದಬೇಕಾದವರು ಬೀಮ್ ಬದಲಾಯಿಸುವುದೇ ಒಳ್ಳೆಯದು. ಹಾಗೆಯೇ, ಕಾರು ಎತ್ತರಿಸಿ ಅಗಲ ಟೈರು ಹಾಕಿ ಆಮೇಲೆ ಬೆಣೆಯಿಂದ ಹೊಂದಿಸುತ್ತೇನೆ ಅನ್ನುವವರಿಗೆ ಈ ಬರಹ ಆಧಾರವಲ್ಲ. ತಯಾರಕರ ಅಳತೆಯಿಂದ ಆಚೆ ಹೋಗುವ ಮಾರ್ಪಾಡಿನ ವಿಷಯದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಗಿಯಾಗಿದೆ. ನಾನು ಮಾಡಿದ್ದು ಆಚೆ ಹೋದದ್ದನ್ನು ಆ ಅಳತೆಗೆ ವಾಪಸ್ ತರುವುದು.

ಬಿಗಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ತಟ್ಟೆಯವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆದಿದ್ದೆ. ಬೋಲ್ಟು ಕೂದಲಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. 100 ಕಿ.ಮೀ.ಗೆ ನೋಡಿದೆ, 1,000ಕ್ಕೆ ನೋಡಿದೆ, ಗೆರೆ ಅಖಂಡ. ಹೊಸ ಟೈರು ಹಾಕಿ 11,000 ಕಿ.ಮೀ. ಆದ ಮೇಲೆ ಎಡ ಹಿಂದಿನದರ ಆಳ ಹೊರ ಅಂಚಿನಲ್ಲಿ 6.1, ಒಳ ಅಂಚಿನಲ್ಲಿ 5.9 ಮಿ.ಮೀ. ಈ ಮಳೆಗಾಲದಲ್ಲಿ ಮತ್ತೆ ಅದೇ ಘಟ್ಟ ಇಳಿದೆವು. ಆ ತಿರುವಿನಲ್ಲಿ ಗುಂಡಿಗೆ ಜಲ್ಲಿ ತುಂಬಿದ್ದರು, ಅವ್ವ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದಳು.

ಒಂದು ಮಾತ್ರ ಉಳಿದಿದೆ. ಬೆಣೆಯ ಮೇಲಿನ 'ಎಫ್' ಈಗ ಹಿಂದಿನ ಅಂಚಿನಲ್ಲಿ, ಒಳಮುಖ ಮಾಡಿಕೊಂಡು ಕೂತಿದೆ. ನಾಳೆ ಯಾರಾದರೂ ಬ್ರೇಕಿನ ಕೆಲಸಕ್ಕೆ ಬಿಚ್ಚಿ, ಅಕ್ಷರ ನೋಡಿ 'ಸರಿ' ಮಾಡಿ ಕೂರಿಸಿಬಿಟ್ಟಾರು ಅಂತ, ಸರ್ವಿಸ್ ಪುಸ್ತಕದ ಮೊದಲ ಪುಟದಲ್ಲಿ ಚಿತ್ರ ಬರೆದು, ಬಾಣದ ಗುರುತು ಹಾಕಿ, ಕೆಳಗೆ ಬರೆದಿಟ್ಟಿದ್ದೇನೆ: ಎಡ ಹಿಂದಿನ ಬೆಣೆ, ಗಾಲಿಯನ್ನು ಹೊರಗಿನಿಂದ ನೋಡಿದಾಗ, ಎಫ್ ಅಕ್ಷರ ಹಿಂದೆಯೇ ಇರಲಿ.